ಶಸ್ತ್ರಚಿಕಿತ್ಸಕರ ತರಬೇತಿಯಲ್ಲಿ ವಿಡಿಯೊ ದಾಖಲೆ

ಶಸ್ತ್ರಚಿಕಿತ್ಸೆ ಕಲಿಯುತ್ತಿರುವ ವೈದ್ಯರು ಮಾಡಿದ ಆಪರೇಷನ್ನನ್ನು ವಿಡಿಯೊದಲ್ಲಿ ಹಿಡಿದಿಟ್ಟು, ಆಮೇಲೆ ಗುರುಗಳ ಜೊತೆ ಕೂತು ನೋಡಿ ತಿದ್ದಿಕೊಳ್ಳುವುದು ಒಂದು ಪದ್ಧತಿ. ಅದೇ ವಿಡಿಯೊವನ್ನು ಪರೀಕ್ಷಕರ ಮುಂದಿಟ್ಟು ಕೈ ಎಷ್ಟು ಪಳಗಿದೆ ಎಂದು ಅಳೆಯುವುದು ಇನ್ನೊಂದು. ಎರಡಕ್ಕೂ ಬಳಸುವ ಸಾಮಗ್ರಿ ಒಂದೇ ಆದರೂ ಉದ್ದೇಶ ಬೇರೆ, ನೋಡುವ ಕಣ್ಣು ಬೇರೆ. ಲ್ಯಾಪರೊಸ್ಕೋಪಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಂತಹ ವಿಭಾಗಗಳಲ್ಲಿ ಈ ಪದ್ಧತಿ ಚೆನ್ನಾಗಿ ಬೇರೂರಿದೆ. ಹೊಟ್ಟೆ ತೆರೆದು ಮಾಡುವ ಮಾಮೂಲು ಆಪರೇಷನ್‌ಗಳಲ್ಲಿ ಇದರ ಬಳಕೆ ಇನ್ನೂ ಕಡಿಮೆ.

ಚಿತ್ರದುರ್ಗ ಜಿಲ್ಲೆ ಮತ್ತು ತರಬೇತಿ

ಚಿತ್ರದುರ್ಗ ಸೀಮೆಯ ಆಸ್ಪತ್ರೆಗಳು ಇಂದು ವೈದ್ಯರು ಕೆಲಸ ಮಾಡುವ ಜಾಗ ಮಾತ್ರವಾಗಿ ಉಳಿದಿಲ್ಲ, ಕಲಿಯುವ ಜಾಗವೂ ಆಗಿವೆ. ನಗರದ ಬಸವೇಶ್ವರ ವೈದ್ಯಕೀಯ ಕಾಲೇಜು 1990ರ ದಶಕದ ಕೊನೆಯಲ್ಲಿ ಆರಂಭವಾಯಿತು; 2023ರಲ್ಲಿ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. 1997ರವರೆಗೆ ಇದೇ ಜಿಲ್ಲೆಯ ಭಾಗವಾಗಿದ್ದ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಿಂದ ನಡೆಯುತ್ತಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಇಲ್ಲಿನ ಆಪರೇಷನ್ ಥಿಯೇಟರಿನ ಕೆಲಸವೆಂದರೆ ಸಿಸೇರಿಯನ್, ಸಂತಾನಹರಣ ಚಿಕಿತ್ಸೆ, ಹರ್ನಿಯಾ, ಅಪೆಂಡಿಕ್ಸ್, ಗಾಯಗಳ ಹೊಲಿಗೆ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರಿನ ಮೂಲಕವೇ ಹಾದುಹೋಗುವುದರಿಂದ ಅಪಘಾತದ ಗಾಯಾಳುಗಳು ಅಲ್ಲಿಗೆ ಬರುತ್ತಾರೆ. ತೆಂಗು, ಅಡಿಕೆ ತೋಟಗಳಿರುವ ಹೊಸದುರ್ಗ, ಹೊಳಲ್ಕೆರೆ ಕಡೆ ಮರದಿಂದ ಬಿದ್ದವರ ಮೂಳೆ ಮುರಿತಗಳೂ ಅಪರೂಪವಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದ ನಿಯಮಕ್ಕೆ ಆದ ತಿದ್ದುಪಡಿಯೊಂದು ಈ ಜಾಗಗಳನ್ನು ನೇರವಾಗಿ ಕಲಿಕೆಯ ನಕ್ಷೆಯೊಳಗೆ ತಂದಿತು. ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಮೂರು, ನಾಲ್ಕು ಅಥವಾ ಐದನೆಯ ಸೆಮಿಸ್ಟರಿನಲ್ಲಿ ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂಬ ಡಿಸ್ಟ್ರಿಕ್ಟ್ ರೆಸಿಡೆನ್ಸಿ ಯೋಜನೆ ಅದು. ಈ ಅವಧಿಯಲ್ಲಿ ವಿದ್ಯಾರ್ಥಿ ತನ್ನ ಕಾಲೇಜಿನ ಗುರುಗಳೊಂದಿಗೆ ಫೋನ್ ಮತ್ತು ಡಿಜಿಟಲ್ ಸಂಪರ್ಕದಲ್ಲಿರಬೇಕು ಎಂದೂ ನಿಯಮ ಹೇಳುತ್ತದೆ. ಫೋನಿನಲ್ಲಿ ರೋಗಿಯ ವಿಷಯ ಹೇಳಬಹುದು, ಎಕ್ಸ್‌ರೇ ಕಳಿಸಬಹುದು. ತನ್ನ ಕೈ ಹೇಗೆ ಓಡಿತು ಎಂದು ಹೇಳುವುದು ಹೇಗೆ? ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದ ಚಿತ್ರದುರ್ಗದಲ್ಲಿರುವ ಪಿಜಿ ವಿದ್ಯಾರ್ಥಿಯ ಕೈಯನ್ನು ಅವರ ಗುರು ನೋಡುವುದಕ್ಕೆ ವಿಡಿಯೊದಷ್ಟು ನೇರವಾದ ದಾರಿ ಬೇರೆ ಇಲ್ಲ. ದೊಡ್ಡ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಯೂನಿಟ್ ಮುಖ್ಯಸ್ಥರು ಪಕ್ಕದಲ್ಲೇ ನಿಂತಿರುತ್ತಾರೆ. ಈ ಸಾಧನದ ಅಗತ್ಯ ಹೆಚ್ಚಾಗಿರುವುದು ಗುರು ಪಕ್ಕದಲ್ಲಿಲ್ಲದ ಕಡೆ.

ಹಳೆಯ ಕ್ರಮ

ಆಧುನಿಕ ಶಸ್ತ್ರಚಿಕಿತ್ಸಾ ತರಬೇತಿಯ ಚೌಕಟ್ಟನ್ನು ಹಾಕಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್. ಕಾಲ 19ನೇ ಶತಮಾನದ ಕೊನೆ. ಹಿರಿಯರ ಜೊತೆ ವರ್ಷಗಟ್ಟಲೆ ನಿಂತು, ನೋಡಿ, ಸಹಾಯ ಮಾಡಿ, ಹಂತಹಂತವಾಗಿ ಸ್ವತಂತ್ರವಾಗಿ ಚಾಕು ಹಿಡಿಯುವ ಕ್ರಮ ಅದು. ನಮ್ಮ ಕಾಲೇಜುಗಳಲ್ಲಿ ಇಂದಿಗೂ ನಡೆಯುತ್ತಿರುವುದು ಬಹುಮಟ್ಟಿಗೆ ಅದೇ. ವಿದ್ಯಾರ್ಥಿ ಎಷ್ಟು ಆಪರೇಷನ್ ನೋಡಿದ, ಎಷ್ಟಕ್ಕೆ ಅಸಿಸ್ಟ್ ಮಾಡಿದ, ಎಷ್ಟು ತಾನೇ ಮಾಡಿದ ಎಂಬುದು ಲಾಗ್‌ಬುಕ್ಕಿನಲ್ಲಿ ಸೇರುತ್ತದೆ, ಗುರುಗಳು ಸಹಿ ಹಾಕುತ್ತಾರೆ. ಸಂಖ್ಯೆ ಅಲ್ಲಿ ಸಿಗುತ್ತದೆ. ಹತ್ತನೆಯ ಹರ್ನಿಯಾ ಮೊದಲನೆಯದಕ್ಕಿಂತ ಚೆನ್ನಾಗಿತ್ತೇ ಎಂಬುದಕ್ಕೆ ಆ ಪುಟದಲ್ಲಿ ಉತ್ತರವಿಲ್ಲ.

ಕರ್ನಾಟಕದಲ್ಲಿ ಈ ಕೊರತೆಯನ್ನು ಅರಿಯಲು ಡಾ. ಎಂ.ಸಿ. ಮೋದಿಯವರನ್ನು ನೆನೆಯಬೇಕು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿ, ಒಂದೇ ದಿನದಲ್ಲಿ 833 ಕಣ್ಣಿನ ಪೊರೆಯ ಆಪರೇಷನ್ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದವರು, 2005ರಲ್ಲಿ ತೀರಿಕೊಂಡರು. ಅಂತಹ ವೇಗ ಮತ್ತು ಮಿತವಾದ ಚಲನೆ ಹೇಗೆ ಸಾಧ್ಯವಾಯಿತೆಂಬುದನ್ನು ಕಂಡವರು ಪಕ್ಕದಲ್ಲಿ ನಿಂತಿದ್ದ ಸಹಾಯಕರು. ಪಕ್ಕದಲ್ಲಿ ನಿಲ್ಲುವ ಅವಕಾಶವಿಲ್ಲದ ಮುಂದಿನ ತಲೆಮಾರಿಗೆ ಸಂಖ್ಯೆ ಸುಲಭವಾಗಿ ತಲುಪುತ್ತದೆ, ಕೈಯ ನಡೆ ಅಷ್ಟು ಸುಲಭವಾಗಿ ತಲುಪುವುದಿಲ್ಲ.

ಕ್ಯಾಮೆರಾ ಥಿಯೇಟರಿಗೆ ಬಂದದ್ದು

ಆಪರೇಷನ್ನನ್ನು ಚಿತ್ರೀಕರಿಸುವ ಯೋಚನೆಗೆ ಸಿನಿಮಾದಷ್ಟೇ ವಯಸ್ಸು. ಫ್ರಾನ್ಸಿನ ಶಸ್ತ್ರಚಿಕಿತ್ಸಕ ಯೂಜೀನ್ ಲೂಯಿ ಡೊಯೆನ್ 1898ರಲ್ಲೇ ತಮ್ಮ ಆಪರೇಷನ್‌ಗಳನ್ನು ಚಿತ್ರೀಕರಿಸಿ, ಅದೇ ವರ್ಷ ಎಡಿನ್‌ಬರ್ಗ್‌ನಲ್ಲಿ ಸೇರಿದ್ದ ಬ್ರಿಟಿಷ್ ವೈದ್ಯರಿಗೆ ತೋರಿಸಿದರು. ಪರದೆಯ ಮೇಲೆ ತಮ್ಮನ್ನು ತಾವು ನೋಡಿಕೊಂಡಾಗ ತಮ್ಮ ವಿಧಾನದ ಕುಂದುಗಳು ಕಂಡವೆಂದೂ, ಅವನ್ನು ತಿದ್ದಿಕೊಂಡೆನೆಂದೂ ಅವರು ಹೇಳಿದ್ದರು. ಈ ಲೇಖನದ ವಿಷಯದ ತಿರುಳೇ ಆ ಮಾತಿನಲ್ಲಿದೆ.

ಡೊಯೆನ್ ಕಥೆಗೆ ನೋವಿನ ಇನ್ನೊಂದು ಮುಖವಿದೆ, ಅದು ಭಾರತಕ್ಕೆ ತಾಗಿದ್ದು. 1902ರಲ್ಲಿ ಪ್ಯಾರಿಸ್‌ನಲ್ಲಿ ಅವರು ಒಡಿಶಾ ಮೂಲದ ಸಯಾಮಿ ಅವಳಿಗಳಾದ ರಾಧಿಕಾ ಮತ್ತು ದೂಡಿಕಾ ಎಂಬ ಬಾಲಕಿಯರನ್ನು ಬೇರ್ಪಡಿಸಿದರು. ಆ ಮಕ್ಕಳು ಸರ್ಕಸ್ಸಿನಲ್ಲಿ ಪ್ರದರ್ಶನದ ವಸ್ತುವಾಗಿದ್ದವರು. ಆಪರೇಷನ್ ಆದ ಕೆಲವೇ ದಿನಗಳಲ್ಲಿ ದೂಡಿಕಾ ಕ್ಷಯದಿಂದ ತೀರಿಕೊಂಡಳು, ಮರುವರ್ಷ ರಾಧಿಕಾ. ಡೊಯೆನ್ ಅವರ ಆಪರೇಷನ್ ಚಿತ್ರಗಳ ಪ್ರತಿಗಳನ್ನು ಛಾಯಾಗ್ರಾಹಕನೊಬ್ಬ ಅನುಮತಿಯಿಲ್ಲದೆ ಮಾರಿದ. ಅವು ಜಾತ್ರೆಗಳ ಡೇರೆಗಳಲ್ಲಿ ಜನರ ಕುತೂಹಲಕ್ಕೆ ಓಡಿದವು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ 1905ರಲ್ಲಿ ಡೊಯೆನ್ ಗೆದ್ದರು. ಗೆದ್ದದ್ದು ವೈದ್ಯರ ಹಕ್ಕು; ಚಿತ್ರದಲ್ಲಿದ್ದ ರೋಗಿಗಳ ಹಕ್ಕಿನ ಮಾತು ಅಲ್ಲಿ ಮುಖ್ಯವಾಗಲೇ ಇಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಬಾಕಿ ಉಳಿದ ಆ ಪ್ರಶ್ನೆ ವಾಟ್ಸ್ಆಪ್ ಕಾಲದಲ್ಲಿ ಹೆಚ್ಚು ತುರ್ತಾಗಿದೆ.

ಸಿನಿಮಾ ಕ್ಯಾಮೆರಾ ಥಿಯೇಟರಿಗೆ ಬಂದ ಅತಿಥಿಯಾಗಿತ್ತು. ಲ್ಯಾಪರೊಸ್ಕೋಪಿ ಬಂದ ಮೇಲೆ ಕ್ಯಾಮೆರಾ ಉಪಕರಣದ ಭಾಗವೇ ಆಯಿತು. 1980ರ ದಶಕದಲ್ಲಿ ದುರ್ಬೀನಿನ ತುದಿಗೆ ವಿಡಿಯೊ ಕ್ಯಾಮೆರಾ ಜೋಡಿಸಿ ಇಡೀ ತಂಡ ಒಂದೇ ಪರದೆ ನೋಡುವ ವ್ಯವಸ್ಥೆ ಬಂತು. ಪಿತ್ತಕೋಶವನ್ನು ಲ್ಯಾಪರೊಸ್ಕೋಪಿಯಲ್ಲಿ ತೆಗೆಯುವ ಆಪರೇಷನ್ 1985ರಲ್ಲಿ ಜರ್ಮನಿಯಲ್ಲಿ ನಡೆಯಿತು. ಭಾರತದಲ್ಲಿ 1990ರಲ್ಲಿ ಮುಂಬೈನಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಆರಂಭಿಸಿದರು. ಪರದೆ ಇದ್ದಮೇಲೆ ಅದನ್ನು ದಾಖಲಿಸುವುದು ಒಂದು ಗುಂಡಿ ಒತ್ತುವಷ್ಟು ಸುಲಭ. ಆದರೆ ಎಲ್ಲ ಲ್ಯಾಪರೊಸ್ಕೋಪಿಗೂ ಪರದೆ ಇರುತ್ತದೆಂದು ತಿಳಿಯಬಾರದು. ಸಂತಾನಹರಣ ಶಿಬಿರಗಳಲ್ಲಿ ಬಹುಕಾಲ ನಡೆದುಬಂದ ರಿಂಗ್ ಹಾಕುವ ವಿಧಾನದಲ್ಲಿ ವೈದ್ಯರು ದುರ್ಬೀನಿಗೆ ಕಣ್ಣಿಟ್ಟು ನೇರವಾಗಿ ನೋಡುತ್ತಾರೆ. ಅಲ್ಲಿ ಕಂಡದ್ದು ಅವರೊಬ್ಬರಿಗೇ.

ಅಳತೆಗೋಲುಗಳು

ವಿಡಿಯೊ ನೋಡಿ ‘ಚೆನ್ನಾಗಿದೆ’ ಎನ್ನುವುದು ಸುಲಭ. ಇಬ್ಬರು ಪರೀಕ್ಷಕರು ಬೇರೆ ಬೇರೆ ಕಡೆ ಕೂತು ನೋಡಿದರೂ ಹತ್ತಿರದ ಅಂಕ ಬರುವಂತೆ ಮಾಡುವುದು ಕಷ್ಟ. ಟೊರಾಂಟೊದಲ್ಲಿ ರಿಚರ್ಡ್ ರೆಜ್ನಿಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಓಸ್ಯಾಟ್ಸ್ ಎಂಬ ಮಾಪನವನ್ನು ರೂಪಿಸಿದರು. ಅಂಗಾಂಶವನ್ನು ಎಷ್ಟು ಮೃದುವಾಗಿ ಹಿಡಿಯುತ್ತಾರೆ, ಕೈಯ ಚಲನೆಯಲ್ಲಿ ವ್ಯರ್ಥ ಎಷ್ಟು, ಉಪಕರಣಗಳ ಪರಿಚಯ ಮತ್ತು ಬಳಕೆ ಹೇಗಿದೆ, ಸಹಾಯಕರನ್ನು ಹೇಗೆ ಬಳಸಿಕೊಳ್ಳುತ್ತಾರೆ, ಮುಂದಿನ ಹೆಜ್ಜೆಯ ಅರಿವು ಇದೆಯೇ, ಆಪರೇಷನ್‌ನ ಕ್ರಮ ಗೊತ್ತಿದೆಯೇ ಎಂಬ ಅಂಶಗಳಿಗೆ ಒಂದರಿಂದ ಐದರವರೆಗೆ ಅಂಕ. 2005ರಲ್ಲಿ ಕೆನಡಾದಿಂದಲೇ ಬಂದ ಗೋಲ್ಸ್ ಎಂಬ ಮಾಪನ ಲ್ಯಾಪರೊಸ್ಕೋಪಿಗೆ ಹೊಂದುವಂಥದ್ದು. ಚಪ್ಪಟೆ ಪರದೆಯಲ್ಲಿ ಆಳವನ್ನು ಅಂದಾಜು ಮಾಡುವ ಶಕ್ತಿ, ಎರಡೂ ಕೈಗಳ ಹೊಂದಾಣಿಕೆಗಳಿಗೆ ಅದರಲ್ಲಿ ಒತ್ತು.

ಕೈಚಳಕಕ್ಕೂ ರೋಗಿಯ ಗತಿಗೂ ಇರುವ ನಂಟನ್ನು ಅಂಕಿಗಳಲ್ಲಿ ತೋರಿಸಿದ ಅಧ್ಯಯನ 2013ರಲ್ಲಿ ಅಮೆರಿಕದ ಮಿಶಿಗನ್‌ನಿಂದ ಬಂತು. ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡುವ 20 ತಜ್ಞರು ತಲಾ ಒಂದು ವಿಡಿಯೊ ಕೊಟ್ಟರು. ಅದು ಯಾರದೆಂದು ತಿಳಿಯದಂತೆ ಕನಿಷ್ಠ ಹತ್ತು ಮಂದಿ ಸಹೋದ್ಯೋಗಿಗಳು ಅಂಕ ಹಾಕಿದರು. ಅಂಕದಲ್ಲಿ ಕೊನೆಯ ಕಾಲುಭಾಗದಲ್ಲಿದ್ದವರ ರೋಗಿಗಳಲ್ಲಿ ತೊಡಕುಗಳ ಪ್ರಮಾಣ ಶೇ. 14.5, ಮೇಲಿನ ಕಾಲುಭಾಗದವರಲ್ಲಿ ಶೇ. 5.2. ಅವರೆಲ್ಲ ತರಬೇತಿ ಮುಗಿಸಿ ವೃತ್ತಿಯಲ್ಲಿದ್ದವರು ಎಂಬುದನ್ನು ಗಮನಿಸಬೇಕು. ಪದವಿ ಕೈಗೆ ಬಂದಮೇಲೆ ಎಲ್ಲರ ಕೈಯೂ ಒಂದೇ ಎಂಬ ನಂಬಿಕೆಯನ್ನು ಈ ಅಂಕಿಗಳು ಕದಲಿಸಿದವು.

ಕೆಲವು ದೇಶಗಳು ವಿಡಿಯೊವನ್ನು ಅರ್ಹತಾ ಪರೀಕ್ಷೆಗೇ ಬಳಸಿವೆ. ಜಪಾನಿನಲ್ಲಿ 2004ರಿಂದ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸಕರ ಕೌಶಲವನ್ನು ಕತ್ತರಿಸದ ವಿಡಿಯೊ ನೋಡಿ ನಿರ್ಧರಿಸುತ್ತಾರೆ. ಅಭ್ಯರ್ಥಿಯ ಹೆಸರು ಪರೀಕ್ಷಕರಿಗೆ ಗೊತ್ತಿರುವುದಿಲ್ಲ. ಇಂಗ್ಲೆಂಡಿನಲ್ಲಿ ದೊಡ್ಡಕರುಳಿನ ಲ್ಯಾಪರೊಸ್ಕೋಪಿ ಕಲಿಸಲು ನಡೆದ ರಾಷ್ಟ್ರೀಯ ಯೋಜನೆಯಲ್ಲೂ ಸ್ವತಂತ್ರವಾಗಿ ಮಾಡಲು ಒಪ್ಪಿಗೆ ಪಡೆಯುವ ಮುನ್ನ ಇಂಥ ವಿಡಿಯೊ ಒಪ್ಪಿಸಬೇಕಿತ್ತು. ‘ಕತ್ತರಿಸದ’ ಎಂಬ ಷರತ್ತು ಮುಖ್ಯ. ರಕ್ತ ಚಿಮ್ಮಿದ, ಕೈ ತಡವರಿಸಿದ ನಿಮಿಷಗಳಲ್ಲೇ ಕಲಿಯುವವರ ನಿಜವಾದ ಮಟ್ಟ ಕಾಣುತ್ತದೆ.

ಕಣ್ಣಿನ ಶಸ್ತ್ರಚಿಕಿತ್ಸೆ

ಕಣ್ಣಿನ ವಿಭಾಗಕ್ಕೆ ಈ ಪದ್ಧತಿ ಹೇಳಿಮಾಡಿಸಿದಂತಿದೆ. ಎಲ್ಲ ಕೆಲಸವೂ ಮೈಕ್ರೋಸ್ಕೋಪಿನ ಕೆಳಗೆ, ಕೆಲವೇ ನಿಮಿಷಗಳಲ್ಲಿ, ಸ್ಪಷ್ಟ ಹಂತಗಳಲ್ಲಿ ನಡೆಯುತ್ತದೆ. ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯಂತಹ ಬೋಧನಾ ಕೇಂದ್ರದಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಸಣ್ಣ ಕೊಯ್ತದ, ಹೊಲಿಗೆಯಿಲ್ಲದ ಪೊರೆ ಶಸ್ತ್ರಚಿಕಿತ್ಸೆ ಪಿಜಿಗಳು ಮೊದಲು ಕಲಿಯಬೇಕಾದ ವಿದ್ಯೆ. ಕಣ್ಣಿನ ಬಿಳಿಭಾಗದಲ್ಲಿ ಸುರಂಗ ಕೊರೆಯುವುದು ಅದರ ಮೊದಲ ಕಠಿಣ ಹಂತ. ಸುರಂಗ ತೀರ ಮೇಲಾದರೆ ಮೇಲ್ಪದರ ತೂತಾಗುತ್ತದೆ. ಆಳವಾದರೆ ಉಪಕರಣ ಬೇಕಾದದ್ದಕ್ಕಿಂತ ಮೊದಲೇ ಕಣ್ಣಿನೊಳಕ್ಕೆ ನುಗ್ಗುತ್ತದೆ. ಬ್ಲೇಡಿನ ಓರೆ ಎಲ್ಲಿ ಬದಲಾಯಿತು ಎಂಬುದು ಆಪರೇಷನ್ ಮಾಡುವಾಗ ಕಲಿಯುವವರಿಗೆ ತಿಳಿಯುವುದೇ ಇಲ್ಲ. ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿದರೆ ಆ ಕ್ಷಣ ಕಣ್ಣಿಗೆ ಕಟ್ಟುತ್ತದೆ.

ಈ ವಿಭಾಗಕ್ಕೆ ಅಂತರರಾಷ್ಟ್ರೀಯ ನೇತ್ರವೈದ್ಯ ಮಂಡಳಿ ಆಸ್ಕರ್ ಎಂಬ ಮಾಪನಗಳ ಮಾಲೆಯನ್ನು ರೂಪಿಸಿದೆ. ಪ್ರತಿ ಹಂತಕ್ಕೂ ಹೊಸಬ, ಆರಂಭಿಕ, ಸ್ವಲ್ಪ ಮುಂದುವರಿದವ, ಸಮರ್ಥ ಎಂಬ ನಾಲ್ಕು ಮಟ್ಟಗಳು; ಪ್ರತಿ ಮಟ್ಟದಲ್ಲಿ ಕೈ ಹೇಗಿರುತ್ತದೆ ಎಂಬುದರ ವಿವರ ಬರಹದಲ್ಲಿದೆ. ಅಂಕಕ್ಕಿಂತ ಈ ವಿವರಣೆಯೇ ಹೆಚ್ಚು ಬೆಲೆಯುಳ್ಳದ್ದು. ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮೇಲಿನ ಮೆಟ್ಟಿಲು ಹೇಗಿರುತ್ತದೆ ಎಂಬುದನ್ನು ವಿದ್ಯಾರ್ಥಿ ತಾನೇ ಓದಿಕೊಳ್ಳಬಹುದು.

ಕೂತು ನೋಡುವ ಕ್ರಮ

ಒಂದು ಗಂಟೆಯ ವಿಡಿಯೊವನ್ನು ಪೂರ್ತಿ ನೋಡುವ ಪುರಸೊತ್ತು ಯಾವ ಯೂನಿಟ್‌ನಲ್ಲೂ ಇರುವುದಿಲ್ಲ, ಅದರ ಅಗತ್ಯವೂ ಇಲ್ಲ. ವಿದ್ಯಾರ್ಥಿ ಮೊದಲು ತಾನೊಬ್ಬನೇ ನೋಡಿ, ಅನುಮಾನ ಬಂದ ಎರಡು ಮೂರು ಜಾಗಗಳನ್ನು ಗುರುತು ಹಾಕಿಕೊಂಡು ಬರಬೇಕು. ಅಷ್ಟನ್ನು ನೋಡಲು ಇಬ್ಬರಿಗೂ ಹತ್ತು ಹದಿನೈದು ನಿಮಿಷ ಸಾಕು. ‘ಇಲ್ಲಿ ಯಾಕಮ್ಮಾ ನಿಂತೆ?’ ಎಂದು ಗುರುಗಳು ಕೇಳಿ, ‘ಪ್ಲೇನ್ ಸಿಗಲಿಲ್ಲ ಸರ್’ ಎಂಬ ಉತ್ತರ ಬಂದರೆ ಪಾಠ ಅಲ್ಲಿಂದ ಶುರುವಾಗುತ್ತದೆ. ಯಾಕೆ ಸಿಗಲಿಲ್ಲ, ಎಡಗೈ ಆಗ ಏನು ಮಾಡುತ್ತಿತ್ತು, ಅಸಿಸ್ಟೆಂಟ್ ಎಳೆದು ಹಿಡಿಯುತ್ತಿದ್ದ ದಿಕ್ಕು ಸರಿಯಿತ್ತೇ? ಥಿಯೇಟರಿನಲ್ಲಿ ರೋಗಿ ಮೇಜಿನ ಮೇಲಿರುವಾಗ ಇಷ್ಟು ಮಾತಿಗೆ ಜಾಗವಿರುವುದಿಲ್ಲ. ಅಲ್ಲಿ ಗುರುಗಳು ‘ಕೊಡು ಇಲ್ಲಿ’ ಎಂದು ಉಪಕರಣ ತಾವೇ ತೆಗೆದುಕೊಳ್ಳಬೇಕಾಗುತ್ತದೆ, ರೋಗಿಯ ದೃಷ್ಟಿಯಿಂದ ಅದು ಸರಿಯೂ ಹೌದು. 2015ರಲ್ಲಿ ಟೊರಾಂಟೊದಲ್ಲಿ ನಡೆದ ನಿಯಂತ್ರಿತ ಪ್ರಯೋಗವೊಂದರಲ್ಲಿ ಹೀಗೆ ವಿಡಿಯೊ ಇಟ್ಟುಕೊಂಡು ತಿದ್ದಿಸಿಕೊಂಡ ವಿದ್ಯಾರ್ಥಿಗಳ ಕೌಶಲ ಮಾಮೂಲು ತರಬೇತಿ ಪಡೆದವರಿಗಿಂತ ಹೆಚ್ಚು ಸುಧಾರಿಸಿತು.

ಹಿರಿಯರಿಗೂ ಇದರ ಅಗತ್ಯವಿದೆ. ಭಾರತೀಯ ಮೂಲದ ಅಮೆರಿಕನ್ ಶಸ್ತ್ರಚಿಕಿತ್ಸಕ ಅತುಲ್ ಗವಾಂಡೆ ವೃತ್ತಿಯಲ್ಲಿ ಪಳಗಿದ ಮೇಲೆ ತಮ್ಮ ನಿವೃತ್ತ ಗುರುವೊಬ್ಬರನ್ನು ಥಿಯೇಟರಿಗೆ ಕರೆದು ನೋಡಿಸಿಕೊಂಡ ಅನುಭವವನ್ನು 2011ರಲ್ಲಿ ಬರೆದರು. ಮೊಣಕೈ ಮೇಲೇಳುತ್ತದೆ, ದೀಪದ ಬೆಳಕು ಗಾಯದಿಂದ ಸರಿದು ಬಹಳ ಹೊತ್ತಾದರೂ ಗಮನಿಸಿಲ್ಲ ಎಂಬಂತಹ ಚಿಕ್ಕ ಸಂಗತಿಗಳನ್ನು ಗುರು ಎತ್ತಿ ತೋರಿಸಿದ್ದರು.

ತೆರೆದ ಆಪರೇಷನ್‌ಗಳ ಸಮಸ್ಯೆ

ತಾಲ್ಲೂಕು ಆಸ್ಪತ್ರೆಯ ಕೆಲಸದ ಬಹುಪಾಲು ತೆರೆದ ಆಪರೇಷನ್. ಅಲ್ಲಿ ಕ್ಯಾಮೆರಾ ಉಪಕರಣದ ಜೊತೆಗೇ ಬರುವುದಿಲ್ಲ, ಬೇರೆಯಾಗಿ ತರಬೇಕು. ಮೇಲಿನ ದೀಪದ ನಡುವೆ ಕೂರಿಸಿದ ಕ್ಯಾಮೆರಾ ಒಳ್ಳೆಯದು, ಬೆಲೆ ಹೆಚ್ಚು. ಹಣೆಗೆ ಕಟ್ಟಿಕೊಳ್ಳುವ ಚಿಕ್ಕ ಕ್ಯಾಮೆರಾದಲ್ಲಿ ತಲೆ ಅಲುಗಿದಂತೆ ಚಿತ್ರವೂ ಅಲುಗುತ್ತದೆ. ಥಿಯೇಟರ್ ದೀಪದ ಪ್ರಖರತೆಗೆ ಗಾಯದ ಭಾಗ ಬೆಳ್ಳಗೆ ಸುಟ್ಟಂತೆ ಕಾಣುವುದೂ ಉಂಟು. ಸ್ಟ್ಯಾಂಡಿಗೆ ಕಟ್ಟಿದ ಮೊಬೈಲ್ ಕೆಲಸಕ್ಕೆ ಬರುತ್ತದೆ, ಆದರೆ ಅದು ಕ್ರಿಮಿಶುದ್ಧ ವಲಯದಿಂದ ದೂರ ಇರಬೇಕು, ಆಪರೇಷನ್ ತಂಡಕ್ಕೆ ಸೇರದವರು ಅದನ್ನು ಶುರು ಮಾಡಿ ನಿಲ್ಲಿಸಬೇಕು. ಬಗ್ಗಿದ ತಲೆಗಳು ಎಲ್ಲ ವಿಧಾನಕ್ಕೂ ಅಡ್ಡಿ.

ಆದ್ದರಿಂದ ಪೂರ್ತಿ ಆಪರೇಷನ್ನಿನ ಬದಲು ಒಂದು ನಿರ್ಣಾಯಕ ಹಂತವನ್ನು ಹಿಡಿಯುವುದು ಇಂತಹ ಕಡೆಗೆ ಹೆಚ್ಚು ಸೂಕ್ತ. ಸಿಸೇರಿಯನ್‌ನಲ್ಲಿ ಮಗು ಹೊರಬಂದ ಮೇಲೆ ಗರ್ಭಕೋಶ ಹೊಲಿಯುವ ಹಂತ ಅಂಥದ್ದು: ಕೊಯ್ತದ ತುದಿಯಾಚೆಗೆ ಮೊದಲ ಹೊಲಿಗೆ ಬಿದ್ದಿತೇ, ಮೂಲೆಯ ರಕ್ತಸ್ರಾವ ನಿಂತಿತೇ? ಹರ್ನಿಯಾದಲ್ಲಿ ಜಾಲರಿ ಕೂರಿಸುವ ಹಂತ: ಒಳಬದಿಯಲ್ಲಿ ಅದು ಜಘನದ ಮೂಳೆಯ ಉಬ್ಬನ್ನು ದಾಟಿ ಮುಚ್ಚಿದೆಯೇ, ನರ ಗುರುತಿಸಿ ಕಾಪಾಡಿದ್ದಾರೆಯೇ? ಜಾಲರಿ ಆ ಉಬ್ಬನ್ನು ದಾಟದಿದ್ದರೆ ಹರ್ನಿಯಾ ಮರುಕಳಿಸುವುದು ಅಲ್ಲಿಂದಲೇ. ಹೊಳಲ್ಕೆರೆಯಲ್ಲಿ ದಾಖಲಾದ ಇಂತಹ ಐದು ನಿಮಿಷದ ತುಣುಕನ್ನು ದಾವಣಗೆರೆಯಲ್ಲಿ ಕೂತ ಗುರುಗಳು ಸಂಜೆ ನೋಡಿ ಮಾತಾಡಬಹುದು. ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವಾಗಲೂ ಇಂಥದೇ ಒಂದು ಕ್ಷಣವಿದೆ. ಸ್ಟ್ರಾಸ್‌ಬರ್ಗ್ ಎಂಬ ತಜ್ಞರು 1995ರಲ್ಲಿ ವಿವರಿಸಿದಂತೆ, ನಾಳ ಮತ್ತು ರಕ್ತನಾಳ ಎರಡೇ ರಚನೆಗಳು ಪಿತ್ತಕೋಶಕ್ಕೆ ಸೇರುತ್ತಿವೆ ಎಂದು ಸ್ಪಷ್ಟವಾಗಿ ಕಂಡಮೇಲಷ್ಟೇ ಕತ್ತರಿಸಬೇಕು. ಆ ನೋಟದ ದಾಖಲೆಯೊಂದೇ ದೊಡ್ಡ ಪಾಠ.

ವಿಡಿಯೊ ಕಾಣಿಸದ್ದೂ ಬಹಳವಿದೆ. ದಾರ ಎಷ್ಟು ಬಿಗಿಯಾಯಿತು, ಅಂಗಾಂಶ ಬೆರಳಿಗೆ ಹೇಗೆ ತಾಗಿತು ಎಂಬುದು ಪರದೆಗೆ ಬರುವುದಿಲ್ಲ. ಆಪರೇಷನ್ ಬೇಕಿತ್ತೇ, ಚಿತ್ರದುರ್ಗಕ್ಕೆ ಕಳಿಸುವುದು ಒಳ್ಳೆಯದಿತ್ತೇ ಎಂಬ ವಿವೇಚನೆ ಚಾಕು ಮುಟ್ಟುವ ಮೊದಲೇ ಮುಗಿದಿರುತ್ತದೆ. ತಾಲ್ಲೂಕು ಮಟ್ಟದ ವೈದ್ಯರಿಗೆ ಆ ವಿವೇಚನೆ ಕೈಚಳಕದಷ್ಟೇ ಮುಖ್ಯ.

ತಿದ್ದುವ ವಿಡಿಯೊ, ಅಳೆಯುವ ವಿಡಿಯೊ

ಈ ಪದ್ಧತಿ ಕೆಡುವುದು ಹೆಚ್ಚಾಗಿ ಇಲ್ಲಿ. ಕಲಿಯಲೆಂದು ಮಾಡಿದ ದಾಖಲೆಯನ್ನು ವಿಚಾರಣೆಗೋ ಅಂಕ ಕಡಿಯುವುದಕ್ಕೋ ಎತ್ತಿಕೊಂಡರೆ, ಮರುದಿನದಿಂದ ಪಿಜಿಗಳು ಸಲೀಸಾಗಿ ಮುಗಿದ ಆಪರೇಷನ್‌ಗಳನ್ನಷ್ಟೇ ದಾಖಲಿಸುತ್ತಾರೆ. ತಪ್ಪು ಕಾಣದ ವಿಡಿಯೊದಿಂದ ತಿದ್ದುವುದಕ್ಕೆ ಏನೂ ಸಿಗುವುದಿಲ್ಲ. ತಿದ್ದುವ ವಿಡಿಯೊ ಗುರು–ಶಿಷ್ಯರ ನಡುವೆಯೇ ಉಳಿಯಬೇಕು. ಅಳೆಯುವ ವಿಡಿಯೊ ಯಾವುದು, ಯಾರು ನೋಡುತ್ತಾರೆ, ಯಾವ ಮಾಪನ ಎಂಬುದು ಮೊದಲೇ ವಿದ್ಯಾರ್ಥಿಗೆ ತಿಳಿದಿರಬೇಕು. ಒಂದೇ ವಿಡಿಯೊದಿಂದ ಯಾರನ್ನೂ ಅಳೆಯುವುದು ನ್ಯಾಯವಲ್ಲ. ರೋಗಿಯ ದೇಹಸ್ಥಿತಿಯಿಂದಲೇ ಒಂದು ಆಪರೇಷನ್ ಸುಲಭ, ಇನ್ನೊಂದು ದುಸ್ತರವಾಗುತ್ತದೆ.

ರೋಗಿಯ ಒಪ್ಪಿಗೆ

ಆಪರೇಷನ್‌ಗೆ ಪಡೆದ ಸಹಿ ಚಿತ್ರೀಕರಣಕ್ಕೆ ಪಡೆದ ಸಹಿಯಾಗುವುದಿಲ್ಲ. ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ವಿಸ್ತರಿಸಬಾರದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಆಪರೇಷನ್‌ಗೆ ಸಂಬಂಧಿಸಿ, ಸ್ಪಷ್ಟಪಡಿಸಿದೆ. ಗುರುತು ಸಿಗುವಂತೆ ರೋಗಿಯ ಚಿತ್ರ ಪ್ರಕಟಿಸುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳು ಅನುಮತಿಯಿಲ್ಲದೆ ನಿಷೇಧಿಸುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದಕ್ಕೆ ಇನ್ನೊಂದು ಪದರ ಸೇರಿಸಿತು. ಸಮ್ಮೇಳನಗಳಿಗೆ ಆಪರೇಷನ್‌ಗಳನ್ನು ನೇರಪ್ರಸಾರ ಮಾಡುವ ರೂಢಿಯ ವಿರುದ್ಧ ಅದೇ ವರ್ಷ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಮೊದಲೇ ದಾಖಲಿಸಿದ ವಿಡಿಯೊ ನೇರಪ್ರಸಾರಕ್ಕಿಂತ ರೋಗಿಗೆ ಸುರಕ್ಷಿತ ಎಂಬ ವಾದ ಆ ಚರ್ಚೆಯಲ್ಲಿ ಬಲ ಪಡೆಯಿತು.

ನಮ್ಮ ಜಿಲ್ಲೆಯಲ್ಲಿ ಒಪ್ಪಿಗೆಯ ಮಾತು ಭಾಷೆಯಿಂದ ಶುರುವಾಗಬೇಕು. ಹಿರಿಯೂರು ಕಡೆ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ಹೊಸದುರ್ಗ, ಹೊಳಲ್ಕೆರೆಯ ತಾಂಡಾಗಳಲ್ಲಿ ಲಂಬಾಣಿ ಮಾತು. ಇಂಗ್ಲಿಷ್ ಫಾರಂಗೆ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆಯಲ್ಲ. ಏನನ್ನು ಚಿತ್ರಿಸುತ್ತಾರೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ, ಬೇಡವೆಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗುವುದಿಲ್ಲ ಎಂಬ ನಾಲ್ಕು ಮಾತನ್ನು ಹೆರಿಗೆ ನೋವು ಶುರುವಾಗುವ ಮೊದಲೇ, ಅವರ ಮಾತಿನಲ್ಲೇ, ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆಯ ಎದುರು ಹೇಳಬೇಕು. ಮುಖ ಮುಚ್ಚಿದರೆ ಗುರುತು ಮರೆಯಾಯಿತೆಂದು ತಿಳಿಯಬಾರದು. ಹಳ್ಳಿಯ ಹಿರಿಯ ಹೆಂಗಸರ ಕೈಮೇಲಿನ ಹಚ್ಚೆ, ಪರದೆಯ ಮೂಲೆಯಲ್ಲಿ ಮೂಡುವ ಹೆಸರು ಮತ್ತು ದಿನಾಂಕ ಎಲ್ಲವೂ ಗುರುತೇ. ಬೆನ್ನಿಗೆ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡುವಾಗ ತಾಯಿ ಎಚ್ಚರದಲ್ಲೇ ಇರುತ್ತಾಳೆ, ಮಾತಾಡುತ್ತಾಳೆ. ಹಾಗಾಗಿ ಧ್ವನಿಯನ್ನು ದಾಖಲಿಸದಿರುವುದೇ ಲೇಸು. ಸ್ವಂತ ಫೋನಿನಲ್ಲಿ ಹಿಡಿದು ವಾಟ್ಸ್ಆಪ್ ಗುಂಪಿಗೆ ಹಾಕುವ ಅಭ್ಯಾಸ ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ನಿಲ್ಲಬೇಕು. ಆಸ್ಪತ್ರೆಗೆ ಸೇರಿದ ಒಂದೇ ಉಪಕರಣ, ಪಾಸ್‌ವರ್ಡ್ ಇರುವ ಒಂದೇ ಸಂಗ್ರಹ, ಹೊಣೆಗಾರರಾಗಿ ಒಬ್ಬ ವ್ಯಕ್ತಿ ಇದ್ದರೆ ಮಾತ್ರ ಅಳಿಸುವ ಮಾತು ಉಳಿಯುತ್ತದೆ.

ಯಂತ್ರದ ಕಣ್ಣು

ಇತ್ತೀಚೆಗೆ ಕಂಪ್ಯೂಟರುಗಳಿಗೂ ಆಪರೇಷನ್ ನೋಡಲು ಕಲಿಸಲಾಗುತ್ತಿದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಸಿದ್ಧವಾದ, ಪಿತ್ತಕೋಶ ತೆಗೆಯುವ 80 ಆಪರೇಷನ್‌ಗಳ ವಿಡಿಯೊ ಸಂಗ್ರಹ ಈ ಕ್ಷೇತ್ರದ ಬಹಳಷ್ಟು ಸಂಶೋಧನೆಗೆ ಆಧಾರ. ಯಾವ ಹಂತ ನಡೆಯುತ್ತಿದೆ, ಯಾವ ಉಪಕರಣ ಒಳಗಿದೆ ಎಂದು ಯಂತ್ರ ಗುರುತಿಸಬಲ್ಲದು. ಉದ್ದನೆಯ ವಿಡಿಯೊದಲ್ಲಿ ಬೇಕಾದ ಹಂತಕ್ಕೆ ನೇರ ಕರೆದೊಯ್ದು ಗುರುಗಳ ಸಮಯ ಉಳಿಸುವುದಕ್ಕೆ ಇದು ಈಗಲೇ ಉಪಯುಕ್ತ. ಆದರೆ ಇಂತಹ ಯಂತ್ರಗಳು ಹೆಚ್ಚಾಗಿ ಕಲಿತಿರುವುದು ಲ್ಯಾಪರೊಸ್ಕೋಪಿಯ ಸ್ಥಿರವಾದ, ಬೆಳಕು ಸಮನಾಗಿರುವ ಚಿತ್ರಗಳಿಂದ. ಸ್ಟ್ಯಾಂಡಿಗೆ ಕಟ್ಟಿದ ಮೊಬೈಲಿನಲ್ಲಿ, ನಾಲ್ಕು ಕೈಗಳ ನಡುವಿನಿಂದ ಹಿಡಿದ ಹೊಸದುರ್ಗದ ಸಿಸೇರಿಯನ್ ಹೊಲಿಗೆಯನ್ನು ಓದಲು ಸದ್ಯಕ್ಕೆ ಆ ಹೊಲಿಗೆಯನ್ನು ತಾವೂ ಹಾಕಿ ಬಲ್ಲ ಗುರುಗಳೇ ಬೇಕು.